ನೆಲ ಮುಟ್ಟದ ಪೆಟ್ಟಿಗೆ

ಆ ದೇವರಿಗೆ ನೆಲ ಕಂಡರೆ ಆಗುತ್ತಿರಲಿಲ್ಲ. ಕಲ್ಲಿನ ಮೇಲೆ ಕೂರುವ ದೇವರುಂಟು, ಹುತ್ತದೊಳಗೆ ಇರುವ ದೇವರುಂಟು, ಬೇವಿನ ಮರದ ಬುಡದಲ್ಲಿ ಮಳೆಬಿಸಿಲಿಗೆ ಮೈಯೊಡ್ಡಿ ನಿಂತ ದೇವರಂತೂ ಯಲಹಂಕದ ಸುತ್ತ ಲೆಕ್ಕವಿಲ್ಲದಷ್ಟು. ಚಿಕ್ಕಜಾಲದಾಚೆಯ ಕುರುಬರ ಹಟ್ಟಿಯ ಬೀರಪ್ಪ ಮಾತ್ರ ಬಿದಿರಿನ ಪೆಟ್ಟಿಗೆಯೊಳಗೆ ಕೂತು, ಪೂಜಾರಿ ಮನೆಯ ತೊಲೆಗೆ ಕಟ್ಟಿದ ಉಣ್ಣೆಹುರಿಯಲ್ಲಿ ವರ್ಷವಿಡೀ ತೂಗಾಡುತ್ತಿದ್ದ. ಪೆಟ್ಟಿಗೆಯೊಳಗೆ ಇದ್ದದ್ದೇನು ಎಂದರೆ ಅಂಗೈಯಗಲದ ಒಂದು ಹಿತ್ತಾಳೆ ಮುಖ, ಒಂದು ಗುಂಡುಕಲ್ಲು, ಚೀಲದ ತುಂಬ ಭಂಡಾರದ ಅರಿಸಿನಪುಡಿ. ಅಷ್ಟಕ್ಕೇ ಒಂದು ಬಲಿತ ಕುರಿಮರಿಯಷ್ಟು ತೂಕ.

ಯಾವುದೋ ಕಾಲದ ಬರದಲ್ಲಿ ಹಟ್ಟಿಯ ಹಿರೀಕರು ಕದಿರಿಯಾಚೆಯ ಬೋಳುಗುಡ್ಡಗಳಿಂದ ಕುರಿ ಹೊಡೆದುಕೊಂಡು ಈ ಕಡೆ ಬಂದರಂತೆ. ಆಗ ಮೂಲಪುರುಷ ದೇವರನ್ನು ಬೆನ್ನಿಗೆ ಕಟ್ಟಿಕೊಂಡು, ದಾರಿಯುದ್ದಕ್ಕೂ ಒಮ್ಮೆಯೂ ಕೆಳಗಿಡದೆ ನಡೆದನಂತೆ. ಇಟ್ಟ ಜಾಗದಿಂದ ಬೀರಪ್ಪ ಏಳುವುದಿಲ್ಲ, ಪೆಟ್ಟಿಗೆ ನೆಲ ಮುಟ್ಟಿದ ದಿನ ಮನೆತನ ಮುಗಿಯಿತು ಎಂದು ನಂಬಿಕೆ. ಹನ್ನೆರಡು ವರ್ಷಕ್ಕೊಮ್ಮೆ, ಕಾರ್ತಿಕದಲ್ಲಿ, ಆ ಪೆಟ್ಟಿಗೆ ಬಂದ ದಾರಿಯಲ್ಲೇ ಮೂಲಗುಡಿಗೆ ಹೋಗಿ ಬರಬೇಕು. ಗಾಡಿ ಕೂಡದು, ಬಸ್ಸು ಕೂಡದು. ಮನುಷ್ಯನ ಬೆನ್ನೇ ಆಗಬೇಕು. ದಣಿವಾದರೆ ಮರದ ಕೊಂಬೆಗೆ ನೇತುಹಾಕಿ ಕೂರಬಹುದು. ಮರವಿಲ್ಲದ ಕಡೆ ಒಬ್ಬ ಕೂತರೆ ಇನ್ನೊಬ್ಬನ ಬೆನ್ನಲ್ಲೋ ಮಡಿಲಲ್ಲೋ ಅದು ಇರಬೇಕು. ಹೊರುವವರು ಮನೆತನದ ಗಂಡಸರು, ಇಲ್ಲವೇ ಮನೆಯ ಅಳಿಯಂದಿರು. ಹೊರಡುವಾಗ ಮನೆಮಗಳೊಬ್ಬಳ ಮಡಿಲಿಂದ ಎದ್ದು, ತಿರುಗಿ ಮನೆಮಗಳ ಮಡಿಲಿಗೇ ಇಳಿಯಬೇಕು.

ಹಿಂದೆಲ್ಲ ಇದಕ್ಕೆ ಹಟ್ಟಿಗೆ ಹಟ್ಟಿಯೇ ಡೊಳ್ಳು ಬಡಿಯುತ್ತ ಹೊರಡುತ್ತಿತ್ತು. ಜಾಲಹಳ್ಳಿ ಕಡೆ ಕಾರ್ಖಾನೆಗಳು ಎದ್ದ ಮೇಲೆ ಗಂಡಸರ ಕಿವಿಗೆ ಡೊಳ್ಳಿಗಿಂತ ಸೈರನ್ನು ಜೋರಾಗಿ ಕೇಳತೊಡಗಿತು. ಎಲ್ಲರಿಗೂ ಭಕ್ತಿ ಇತ್ತು, ರಜ ಇರಲಿಲ್ಲ. ಆ ಸಲ ಹೊರಟವರು ಮೂವರೇ ಮೂವರು. ಕಾರ್ಖಾನೆಯಲ್ಲಿ ಹೇಗೋ ನಾಲ್ಕು ದಿನ ರಜ ಗಿಟ್ಟಿಸಿದ ಪಿಳ್ಳಪ್ಪ, ಕುರಿ ಕಾಯುವ ಚಿಕ್ಕಬೈರಪ್ಪ, ಮತ್ತೆ ಅವನ ಅಕ್ಕನ ಗಂಡ ಮುನಿಕೃಷ್ಣಪ್ಪ.

ಮುನಿಕೃಷ್ಣಪ್ಪ ಮನೆಅಳಿಯ. ಬೈರಮ್ಮನನ್ನು ಮದುವೆಯಾಗಿ ಹೆಂಡತಿ ಮನೆಯಲ್ಲೇ ಉಳಿದವನು. ಹಟ್ಟಿಯಲ್ಲಿ ಅದಕ್ಕೊಂದು ಚುಡಾವಣೆ ಇದ್ದೇ ಇತ್ತು. ಅವನು ಬಂಡೆ ಒಡೆಯುವ ಕೆಲಸಕ್ಕೆ ಹೋಗಿ ಹೋಗಿ, ಕಲ್ಲಿನ ಧೂಳು ಎದೆಗಿಳಿದು, ಕೆಮ್ಮು ಬಿಟ್ಟು ಹೋಗದ ನೆಂಟನಂತೆ ಅವನಲ್ಲೇ ಠಿಕಾಣಿ ಹೂಡಿತ್ತು. ಆದರೂ ದೇವರನ್ನು ಹೊತ್ತು ಬಂದರೆ ಹಟ್ಟಿಯಲ್ಲಿ ತಾನೂ ಒಬ್ಬ ಮನುಷ್ಯನಾಗುತ್ತೇನೆ ಎಂಬ ಆಸೆ ಅವನಿಗೆ. ಚಿಕ್ಕಬೈರಪ್ಪನಿಗೂ ಬಾವ ಜೊತೆಗಿದ್ದರೆ ಸೈ. ಎಳವೆಯಲ್ಲೇ ತಾಯಿ ಸತ್ತು, ಅಕ್ಕನ ಕೈತುತ್ತಿನಲ್ಲಿ ಬೆಳೆದವನು ಅವನು. ಅಕ್ಕನ ಮದುವೆಯಾದ ಮೇಲೆ ಬಾವನ ಹೆಗಲ ಮೇಲೆ ಕೂತು ಯಲಹಂಕದ ಸಂತೆ ನೋಡಿದವನು.

ಬೈರಮ್ಮನಿಗೆ ಮಾತ್ರ ಸುತರಾಂ ಇಷ್ಟವಿರಲಿಲ್ಲ. ಅವಳೇ ಮನೆಮಗಳಾಗಿ ಮಡಿಲಲ್ಲಿ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದಳು. ತಮ್ಮ ಬಂದು ಹುರಿಯನ್ನು ಹೆಗಲಿಗೇರಿಸಿಕೊಳ್ಳುವಾಗ ಅವನ ರಟ್ಟೆ ಹಿಡಿದಳು.

"ನೋಡು ಬೈರ, ನಿಮ್ ಬಾವನ ಎದೆ ಗೂಡು ನಂಗೊತ್ತು. ನೀನ್ ಕರ್ಕಂಡ್ ಓಯ್ತಿದ್ದೀಯ, ನೀನೇ ಕರ್ಕಂಡ್ ಬರ್ಬೇಕು. ದೇವ್ರು ಬರ್ದಿದ್ರೂ ಚಿಂತಿಲ್ಲ."

ಸುತ್ತ ನಿಂತವರು ಬಾಯಿ ಮೇಲೆ ಕೈಯಿಟ್ಟುಕೊಂಡರು. ಪೂಜಾರಿ ಮುನಿನಂಜಪ್ಪನ ಕಣ್ಣು ಕೆಂಪಾಯಿತು. "ಬಿಡ್ತು ಅನ್ನವ್ವ, ಬಿಡ್ತು ಅನ್ನು!" ಎಂದು ಕೂಗಿದ. ಬೈರಮ್ಮ ತುಟಿ ಬಿಗಿಹಿಡಿದು ತಮ್ಮನ ಮುಖವನ್ನೇ ನೋಡುತ್ತಿದ್ದಳು, ಬಿಡ್ತು ಅನ್ನಲಿಲ್ಲ.

"ಕರ್ಕಂಡ್ ಬತ್ತೀನಿ ಕಣಕ್ಕ," ಎಂದ ಚಿಕ್ಕಬೈರಪ್ಪ.

ಚಿತ್ತೆ ಮಳೆ ಮುಗಿದು ಸ್ವಾತಿ ಹಿಡಿದಿತ್ತು. ಈ ಕಾಲದ ಆಕಾಶವನ್ನು ನಂಬುವವನು ಮೂರ್ಖ. ಬೆಳಿಗ್ಗೆ ಕುರಿಗೆ ನೆರಳು ಹುಡುಕಬೇಕೆನಿಸುವ ಬಿಸಿಲು, ಮಧ್ಯಾಹ್ನ ಗಾಳಿಯೇ ಇಲ್ಲ, ಸಂಜೆಗೆ ಹಲ್ಲು ಕಟಕಟಿಸುವ ಚಳಿ. ಮದರಾಸಿನ ಕಡೆ ಸಮುದ್ರ ಕೆಟ್ಟರೆ ಇಲ್ಲಿ ದಿನಗಟ್ಟಲೆ ಸೋನೆ. ದೇವನಹಳ್ಳಿ ದಾಟುವವರೆಗೆ ಎಲ್ಲ ಸಲೀಸಾಗಿತ್ತು. ರಸ್ತೆ ಬದಿಯ ಆಲದ ಮರಗಳಿಗೆ ಪೆಟ್ಟಿಗೆ ನೇತುಹಾಕಿ, ಬುತ್ತಿಯ ರಾಗಿಮುದ್ದೆ ಮುರಿದು, ಒಬ್ಬರನ್ನೊಬ್ಬರು ಕಿಚಾಯಿಸುತ್ತ ನಡೆದರು. ನಂದಿಬೆಟ್ಟದ ಬಗಲಲ್ಲಿ ಮೋಡ ಕೆಳಗಿಳಿದು ಮೂವರನ್ನೂ ನುಂಗಿತು. ಕಂಬಳಿ ಕೊಪ್ಪೆ ಹಾಕಿಕೊಂಡು, ಮುಂದಿನವನ ಕೆಮ್ಮಿನ ಸದ್ದನ್ನೇ ಗುರುತು ಮಾಡಿಕೊಂಡು ಹಿಂದಿನವರು ನಡೆದರು.

"ಬಾವ, ನಿನ್ ಕೆಮ್ಮು ಗಂಟೆ ಕಟ್ಟಿದ್ ಟಗರಿಗಿಂತ ವಾಸಿ ಕಣ. ದಾರಿ ತಪ್ಪಕ್ಕೇ ಆಗಲ್ಲ," ಎಂದು ಚಿಕ್ಕಬೈರಪ್ಪ ನಗೆಯಾಡಿದ.

"ನಗು ನಗು. ನಿಮ್ಮಕ್ಕನ್ ಮುಂದೆ ನಗು ನೋಡಾನ," ಎಂದು ಬಾವನೂ ನಕ್ಕ. ನಕ್ಕದ್ದಕ್ಕೆ ಇನ್ನಷ್ಟು ಕೆಮ್ಮಿದ.

ಬಾಗೇಪಲ್ಲಿಯಲ್ಲಿ ಪಿಳ್ಳಪ್ಪ ಕಾಲು ಹಿಂದೆಗೆದ. ಅವನ ರಜ ಮುಗಿದಿತ್ತು. ಹೋಗಿ ಹಾಜರಿ ಕಾರ್ಡು ಒತ್ತದಿದ್ದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಮನೆಯಲ್ಲಿ ಒಲೆ ಹತ್ತುವುದಿಲ್ಲ ಎಂದು ಕಣ್ಣಲ್ಲಿ ನೀರು ತಂದುಕೊಂಡ. ಪೆಟ್ಟಿಗೆಗೆ ಮೂರು ಸಲ ಕೈ ಮುಗಿದು ಬೆಂಗಳೂರಿನ ಬಸ್ಸು ಹತ್ತಿದ. ಬಸ್ಸಿನ ಕಿಟಕಿಯಿಂದಲೂ ಕೈ ಮುಗಿಯುತ್ತಲೇ ಇದ್ದ. ಚಿಕ್ಕಬೈರಪ್ಪನಿಗೆ ಆ ಬಸ್ಸಿನ ಹಿಂಬದಿಗೆ ಒಂದು ಕಲ್ಲು ಬೀಸಬೇಕೆನಿಸಿತು. ಹೊರುವವನು ಒಬ್ಬ ಕಡಿಮೆಯಾದರೆ ಏನಾಗುತ್ತದೆ ಎಂಬುದು ಮರಗಳಿರುವ ಊರಿನಲ್ಲಿ ತಿಳಿಯುವುದಿಲ್ಲ.

ಮರಗಳು ಮುಗಿದವು. ಮೊದಲು ಆಲ ಹೋಯಿತು, ಆಮೇಲೆ ಹುಣಸೆ, ಆಮೇಲೆ ಬೇವು. ಕೊನೆಗೆ ಉಳಿದದ್ದು ಮೊಣಕಾಲುದ್ದದ ಮುಳ್ಳುಕಂಟಿ, ಪಾಪಾಸುಕಳ್ಳಿ, ಕಣ್ಣು ಹಾಯುವಷ್ಟು ದೂರವೂ ಕೆಂಪು ಗೊರಜು. ನಡುನಡುವೆ ಯಾರೋ ರಾಶಿ ಸುರಿದು ಮರೆತು ಹೋದಂಥ ಬಂಡೆಗುಡ್ಡಗಳು. ಗುಡ್ಡದ ಮೇಲೂ ಹಸಿರಿಲ್ಲ. ನೀರೆಂದರೆ ಎಲ್ಲೋ ಬಂಡೆಯ ಕುಳಿಯಲ್ಲಿ ನಿಂತ ಒಂದು ಬೊಗಸೆ. ಇಂಥ ನೆಲದಲ್ಲಿ ಹುಟ್ಟಿದ ದೇವರು ನೆಲ ಬೇಡ ಅಂದದ್ದರಲ್ಲಿ ಆಶ್ಚರ್ಯವೇನು!

ಅಲ್ಲಿಂದ ಪೆಟ್ಟಿಗೆ ಇಬ್ಬರ ಬೆನ್ನಿಂದ ಬೆನ್ನಿಗೆ, ಮಡಿಲಿಂದ ಮಡಿಲಿಗೆ ಸಾಗಿತು. ಒಬ್ಬ ಮಲಗಿದರೆ ಒಬ್ಬ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಎಚ್ಚರವಿರಬೇಕು. ಒಬ್ಬ ಬಯಲ ಕಡೆ ಹೋದರೂ ಇನ್ನೊಬ್ಬ ಹೊತ್ತುಕೊಂಡು ನಿಂತಿರಬೇಕು. ನಿದ್ದೆಯಿಲ್ಲದೆ ಇಬ್ಬರ ಕಣ್ಣೂ ಭಂಡಾರ ಎರಚಿದಂತೆ ಉರಿಯುತ್ತಿದ್ದವು. ಹಗಲಿಡೀ ಬಂಡೆಗಳು ಕಾದು ಮುಖಕ್ಕೆ ಬಿಸಿ ಉಗುಳಿದವು. ಬಾವನ ತುಟಿ ಒಡೆದು ರಕ್ತ ಜಿನುಗಿತು. ಹಾಗಿದ್ದೂ ತನ್ನ ಸರದಿ ಬಂದಾಗ ಅವನು ಒಮ್ಮೆಯೂ ಬೇಡವೆನ್ನಲಿಲ್ಲ.

"ಇನ್ನೊಂದಷ್ಟು ದೂರ ನಾನೇ ಒರ್ತೀನಿ ಬಾವ," ಎಂದರೆ, "ಸುಮ್ಕಿರ್ಲಾ. ಮನೆಅಳಿಯ ಕೂತು ತಿಂದ ಅನ್ನಿಸ್ಕಳಕ್ಕಾ ನಾನ್ ಬಂದಿದ್ದು?" ಎಂದು ಗದರುತ್ತಿದ್ದ.

ಆಮೇಲೊಂದು ಬೆಳಿಗ್ಗೆ ಮೂಡಲ ದಿಕ್ಕು ಕಪ್ಪಿಟ್ಟಿತು. ಬಿಸಿಲು ಇದ್ದಕ್ಕಿದ್ದಂತೆ ಸತ್ತುಹೋಯಿತು. ತಣ್ಣನೆಯ ಗಾಳಿ ಬಯಲನ್ನು ಗುಡಿಸಿಕೊಂಡು ಬಂತು, ಅದರ ಹಿಂದೆಯೇ ಮಳೆ. ದೊಡ್ಡ ಹನಿಯ ಮಳೆಯಾಗಿದ್ದರೆ ಬಂದು ಹೋಗುತ್ತಿತ್ತು. ಇದು ಓರೆಯಾಗಿ, ಸಣ್ಣಗೆ, ಕಂಬಳಿಯ ಎಳೆಎಳೆಗೂ ಇಳಿಯುವ ಜಡಿ. ನಿಲ್ಲಲು ಒಂದು ಮರೆಯಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಾವನ ಮೈ ಕೆಂಡವಾಗಿತ್ತು. ಕೆಮ್ಮು ನಿಂತಿತ್ತು. ಅದು ನಿಂತದ್ದೇ ಚಿಕ್ಕಬೈರಪ್ಪನನ್ನು ಹೆದರಿಸಿತು.

ಮೂಲಗುಡಿ ಇದ್ದ ಹಳ್ಳಿ ಎದುರಿನ ಬಂಡೆಗುಡ್ಡದ ಆಚೆಗೆ, ಇನ್ನೊಂದು ಹರದಾರಿ. ಗುಡ್ಡದ ಏರು ಶುರುವಾಗುವಲ್ಲಿ ಮುನಿಕೃಷ್ಣಪ್ಪ ಕೂತ. ಕೂತವನು ಹಾಗೇ ಪಕ್ಕಕ್ಕೆ ವಾಲಿದ.

"ಬಾವ! ಏಳು ಬಾವ. ಅಗೋ, ಗುಡ್ಡ ಅತ್ತಿದ್ರೆ ಗುಡಿ."

"ಕಾಲಿಲ್ಲ ಕಣೋ ಬೈರ," ಎಂದ ಬಾವ, ಏನೋ ತಪ್ಪು ಮಾಡಿದವನ ಹಾಗೆ. "ಎಲ್ಲೋ ಬಿಟ್ಬಂದ್ಬಿಟ್ಟೆ ಅನ್ಸತ್ತೆ."

ಚಿಕ್ಕಬೈರಪ್ಪ ಸುತ್ತ ನೋಡಿದ. ಪೆಟ್ಟಿಗೆ ತನ್ನ ಬೆನ್ನಿನಲ್ಲಿತ್ತು. ಒಂದೇ ಒಂದು ಮರವಿದ್ದರೆ ಸಾಕಿತ್ತು. ಸೊಂಟದೆತ್ತರದ ಒಂದು ಕೊಂಬೆಯಿದ್ದರೆ ಸಾಕಿತ್ತು. ಅದಕ್ಕೆ ದೇವರನ್ನು ನೇತುಹಾಕಿ, ಬಾವನನ್ನು ಹೊತ್ತು ಗುಡ್ಡ ದಾಟಿ ಬಿಟ್ಟುಬಂದು, ಆಮೇಲೆ ದೇವರನ್ನು ಒಯ್ಯಬಹುದಿತ್ತು. ಮಳೆಯಲ್ಲಿ ಮಿರಮಿರ ಹೊಳೆಯುವ ಬಂಡೆಗಳ ಹೊರತು ಅಲ್ಲಿ ಇನ್ನೇನೂ ಇರಲಿಲ್ಲ.

ಅವನು ಪೆಟ್ಟಿಗೆಯನ್ನು ಎದೆಗೆ ತಿರುಗಿಸಿಕೊಂಡ. ಬಗ್ಗಿ, ಬಾವನ ಎರಡೂ ಕೈ ಕೊರಳಿಗೆ ಹಾಕಿಸಿಕೊಂಡು ಬೆನ್ನಿಗೆ ಎತ್ತಿಕೊಂಡ. ಮುಂದೆ ದೇವರು, ಹಿಂದೆ ಬಾವ. ಹತ್ತಾರು ಹೆಜ್ಜೆ ಏರಿದ. ಬಂಡೆ ಮಳೆಗೆ ನೆನೆದು ಜಾರುತ್ತಿತ್ತು. ಎದೆಯ ಮೇಲಿನ ಪೆಟ್ಟಿಗೆಯಿಂದಾಗಿ ಕಾಲ ಕೆಳಗೇನಿದೆ ಎಂದು ಕಾಣುತ್ತಿರಲಿಲ್ಲ. ಬಲಗಾಲು ಜಾರಿತು. ಮುಗ್ಗರಿಸಿ ಮೊಣಕಾಲೂರಿದ. ಪೆಟ್ಟಿಗೆ ಇನ್ನೇನು ಬಂಡೆಗೆ ತಾಗಬೇಕು, ಆಗ ಅವನ ಎರಡೂ ಕೈ ತಾವಾಗಿಯೇ ಮುಂದೆ ಬಂದು ಪೆಟ್ಟಿಗೆಯನ್ನು ತಬ್ಬಿಕೊಂಡವು. ಆ ಕೈಗಳು ಅದುವರೆಗೆ ಬಾವನ ತೊಡೆಗಳನ್ನು ಹಿಡಿದಿದ್ದವು. ಬಾವ ಬೆನ್ನಿನಿಂದ ಜಾರಿ, ಬಂಡೆಗೆ ಬಡಿದು, ಉರುಳಿಕೊಂಡು ಕೆಳಗೆ ಬಿದ್ದ.

ಚಿಕ್ಕಬೈರಪ್ಪ ತಿರುಗಿ ನೋಡಿದಾಗ ಬಾವನ ಕಣ್ಣು ತೆರೆದೇ ಇತ್ತು. ನಡೆದದ್ದನ್ನು ಅವನು ಕಂಡಿದ್ದ. ಹಣೆಯ ಮೇಲೆ ರಕ್ತ ಮಳೆಯೊಂದಿಗೆ ಹರಿಯುತ್ತಿತ್ತು.

"ತಾಗ್ಲಿಲ್ಲ ತಾನೆ?" ಎಂದು ಕೇಳಿದ ಮುನಿಕೃಷ್ಣಪ್ಪ. ಪೆಟ್ಟಿಗೆಯ ವಿಷಯ ಕೇಳಿದ್ದು.

"ಇಲ್ಲ ಬಾವ."

"ಹಂಗಾರೆ ಸರಿ."

ಅಷ್ಟರಲ್ಲಿ ಗುಡ್ಡದ ಬುಡದ ಕಾಲುದಾರಿಯಲ್ಲಿ ಬೆನ್ನ ಮೇಲೆ ದೊಡ್ಡ ಗಂಟು ಹೊತ್ತ ಒಂದು ಮುದಿ ಆಕೃತಿ ಕಾಣಿಸಿತು. ತುಪ್ಪಟದ ಹಬೀಬುಲ್ಲಾ ಸಾಬರು. ಯಲಹಂಕದವರು, ಕುರುಬರ ಹಟ್ಟಿಗಳನ್ನು ಸುತ್ತಿ, ಕುರಿಯ ತುಪ್ಪಟ ಕೊಂಡು ಕಂಬಳಿ ನೇಯುವವರಿಗೆ ಮಾರುವುದು ಅವರ ಕಸುಬು. ಒಳ್ಳೆಯ ಉಣ್ಣೆಗಾಗಿ ಈ ಬೋಳುನಾಡಿನವರೆಗೂ ಬರುತ್ತಿದ್ದರು. ಚಿಕ್ಕಜಾಲದ ಹಟ್ಟಿಯಲ್ಲಿ ಅವರನ್ನು ಕಂಡರೆ ನಾಯಿ ಕೂಡ ಬೊಗಳುತ್ತಿರಲಿಲ್ಲ. ಅಷ್ಟು ವರ್ಷಗಳ ಪರಿಚಯ.

ಅವರು ಗಂಟು ಇಳಿಸಿ, ಮುನಿಕೃಷ್ಣಪ್ಪನ ಕೊರಳು ಮುಟ್ಟಿ ನೋಡಿದರು. ಮುಖ ಸಪ್ಪಗಾಯಿತು.

"ಬೈರಣ್ಣ, ಹೊತ್ತಿಲ್ಲ. ಇವ್ರನ್ನ ಈಗಿಂದೀಗ್ಲೇ ಬೆಂಕಿ ಇರೋ ಕಡೆ ಒಯ್ಬೇಕು. ನನ್ ಕೈಲಿ ಮನುಷ್ಯನ್ನ ಎತ್ತಕ್ಕಾಗಲ್ಲ, ವಯಸ್ಸಾಯ್ತು. ಪೆಟ್ಟಿಗೆ ನಂಗ್ಕೊಡಿ, ನಾನ್ ಹಿಡ್ಕಂಡ್ ಕೂತಿರ್ತೀನಿ. ನೀವ್ ಇವ್ರನ್ನ ಹೊತ್ಕಳಿ."

ಚಿಕ್ಕಬೈರಪ್ಪನ ಕೈ ಹುರಿಯ ಮೇಲೆ ಬಿಗಿಯಾಯಿತು.

"ನಿಮ್ ಕೈಗಾ ಸಾಬ್ರೇ?"

ಸಾಬರಿಗೆ ನೋವಾಯಿತೋ ಇಲ್ಲವೋ, ತೋರಗೊಡಲಿಲ್ಲ. "ನನ್ ಕೈ ಬ್ಯಾಡ ಅಂದ್ರೆ ಈ ಗಂಟಿನ್ ಮ್ಯಾಲಿಡಿ. ಕುರಿ ತುಪ್ಪಟ. ಕುರಿ ಕಾಯೋ ದೇವ್ರು ಕುರಿ ತುಪ್ಪಟದ ಮ್ಯಾಲೆ ಕೂತ್ರೆ ಕ್ವಾಪ ಮಾಡ್ಕಂತಾನಾ?"

ಮಾತು ನ್ಯಾಯವಾಗಿತ್ತು. ಚಿಕ್ಕಬೈರಪ್ಪ ಗಂಟನ್ನು ನೋಡಿದ. ಗಂಟು ನೆಲದ ಮೇಲಿತ್ತು. ನೆಲದ ಮೇಲಿನ ಗಂಟಿನ ಮೇಲಿಟ್ಟರೆ ನೆಲದ ಮೇಲೆ ಇಟ್ಟಂತೆಯೋ ಅಲ್ಲವೋ? ಇದನ್ನು ಪೂಜಾರಿ ಮುನಿನಂಜಪ್ಪ ಹೇಳಿರಲಿಲ್ಲ. ಹೇಳದೇ ಇದ್ದದ್ದನ್ನು ತಾನು ಮಾಡಿ, ನಾಳೆ ಹಟ್ಟಿಯ ಕೂಸೊಂದು ಸತ್ತರೆ, ಕುರಿಗೆ ರೋಗ ಬಂದರೆ, ಯಾರ ಮುಖ ನೋಡುವುದು? ಒಬ್ಬ ಬಾವನಿಗೋಸ್ಕರ ಮನೆತನ ತೊಳೆದುಹೋದರೆ? ನಿದ್ದೆಗೆಟ್ಟ ತಲೆಯಲ್ಲಿ ಈ ಯೋಚನೆ ಗಾಣದೆತ್ತಿನಂತೆ ಸುತ್ತಿತು. ಅವನು ಬಾವನ ಕಡೆ ನೋಡಿದ. ಬಾವ ಏನಾದರೂ ಹೇಳಲಿ ಎಂದು ಕಾದ. ಬಾವ ಕಣ್ಣು ಮುಚ್ಚಿದ್ದ.

"ಇಲ್ಲ ಸಾಬ್ರೇ. ನಾನ್ ಓಡ್ತೀನಿ. ಗುಡೀಲಿ ದೇವ್ರುನ್ನ ಒಪ್ಸಿ, ನಾಕ್ ಜನಾನ ಕರ್ಕಂಡು ಬಂದ್ಬಿಡ್ತೀನಿ. ಅಲ್ಲೀಗಂಟ ನೀವ್ ನಮ್ ಬಾವನ್ ತಾವ ಕೂತಿರಿ. ಕೈ ಮುಗೀತೀನಿ."

"ಹೋಗಿ, ಬೇಗ ಬನ್ನಿ," ಎಂದಷ್ಟೇ ಅಂದರು ಹಬೀಬುಲ್ಲಾ. ಚಿಕ್ಕಬೈರಪ್ಪ ಏರು ಹತ್ತುತ್ತ ಒಮ್ಮೆ ಹಿಂದಿರುಗಿ ನೋಡಿದ. ಸಾಬರು ಗಂಟು ಬಿಚ್ಚಿ, ಒಣಗಿದ ತುಪ್ಪಟವನ್ನು ಬೊಗಸೆಬೊಗಸೆಯಾಗಿ ಬಾವನ ಮೈಮೇಲೆ ಹೊದಿಸುತ್ತಿದ್ದರು. ಅವರ ವರ್ಷದ ದುಡಿಮೆ ಮಳೆಯಲ್ಲಿ ನೆನೆಯುತ್ತಿತ್ತು.

ಅವನು ಬಿದ್ದ, ಎದ್ದ, ಓಡಿದ. ಗುಡ್ಡದ ಆಚೆ ಹಳ್ಳಿಯ ಬಾಗಿಲಿಗೆ ಬಂದಾಗ ದೇವರು ಬಂದ ಸುದ್ದಿ ಅವನಿಗಿಂತ ಮುಂಚೆ ಊರು ಹೊಕ್ಕಿತ್ತು. ಮಳೆಯಲ್ಲೇ ಜನ ನೆರೆದಿದ್ದರು. ಹನ್ನೆರಡು ವರ್ಷದಿಂದ ಕಾದಿದ್ದ ಜನ. ಹೆಂಗಸರು ಕೊಡಗಟ್ಟಲೆ ನೀರು ತಂದು ಅವನ ಕಾಲಿಗೆ ಸುರಿದರು. ಗಂಡಸರು ಕೆಸರಿನಲ್ಲಿ ಅಡ್ಡಬಿದ್ದರು. ಡೊಳ್ಳು ಶುರುವಾಯಿತು.

"ನಮ್ ಬಾವ!" ಎಂದು ಕೂಗಿದ ಚಿಕ್ಕಬೈರಪ್ಪ. "ನಮ್ ಬಾವ ಸಾಯ್ತಾವ್ನೆ! ಗುಡ್ಡದಾಚೆ! ಬನ್ರೋ, ಯಾರಾದ್ರೂ ಬನ್ರೋ!" ಕನ್ನಡದಲ್ಲಿ ಕೂಗಿದ, ತೆಲುಗಿನಲ್ಲಿ ಕೂಗಿದ. ಮೈ ನಡುಗುತ್ತಿತ್ತು, ಕಣ್ಣು ಕೆಂಪಾಗಿತ್ತು, ಬಾಯಲ್ಲಿ ನೊರೆ. ನೋಡಿದವರಿಗೆ ಅನುಮಾನವೇ ಉಳಿಯಲಿಲ್ಲ: ಬೀರಪ್ಪ ಹೊತ್ತವನ ಮೈಮೇಲೆ ಬಂದಿದ್ದಾನೆ. ಅವರು ಡೊಳ್ಳನ್ನು ಇನ್ನೂ ಜೋರಾಗಿ ಬಡಿದರು. ಹಿರಿಯನೊಬ್ಬ ಕೈ ಜೋಡಿಸಿ ಮುಂದೆ ಬಂದು, ಭಯಭಕ್ತಿಯಿಂದ ಕೇಳಿದ, "ಯಾರ ಬಾವ, ಸ್ವಾಮಿ? ಯಾರ ಮನೆಯಲ್ಲಿ ತಪ್ಪಾಗಿದೆ, ಅಪ್ಪಣೆ ಕೊಡು."

ಚಿಕ್ಕಬೈರಪ್ಪ ಅವನ ಎದೆಗೆ ಒದೆಯಲು ಹೋದ. ದೇವರೇ ಒದ್ದ ಎಂದು ಹಿರಿಯ ಧನ್ಯನಾದ. ಕೊಬ್ಬರಿ, ನಿಂಬೆಹಣ್ಣು, ದೃಷ್ಟಿ, ಧೂಪ. ಗುಡಿಯ ಪೂಜಾರಿ ಹೊಲದಿಂದ ಬಂದು, ಸ್ನಾನ ಮಾಡಿ, ಒದ್ದೆಬಟ್ಟೆಯಲ್ಲಿ ಆರತಿ ಹಿಡಿದು ಬರುವ ತನಕ ಯಾರೂ ಪೆಟ್ಟಿಗೆಗೆ ಕೈ ಹಚ್ಚುವಂತಿರಲಿಲ್ಲ. ಅವನೂ ಕೆಳಗಿಡುವಂತಿರಲಿಲ್ಲ. ಬಿಟ್ಟು ಹಿಂದಕ್ಕೆ ಓಡೋಣವೆಂದರೆ ಜನ ಗೋಡೆಯಾಗಿ ನಿಂತಿದ್ದರು. ಕೊನೆಗೆ ಒಬ್ಬ ಮುದುಕಿ ಹತ್ತಿರ ಬಂದು ಅವನ ಮುಖ ನಿಟ್ಟಿಸಿ ನೋಡಿದಳು.

"ದೇವರು ಹೀಗೆ ಅಳಲ್ಲ ಕಣ್ರೋ," ಎಂದು ತೆಲುಗಿನಲ್ಲಿ ಅಂದಳು. "ಇವನು ಮನುಷ್ಯ."

ದೇವರನ್ನು ಗುಡಿಯ ಪೂಜಾರಿಗೆ ಒಪ್ಪಿಸಿ, ಮಂಚ ಹೊತ್ತ ನಾಲ್ವರೊಂದಿಗೆ ಅವನು ಗುಡ್ಡ ಇಳಿದಾಗ ಮುಸ್ಸಂಜೆಯಾಗಿತ್ತು. ಮಳೆ ನಿಂತು, ಪಡುವಲ ಅಂಚಿನಲ್ಲಿ ಒಂದು ಗೀಟು ಬಿಸಿಲು ಮೂಡಿತ್ತು. ಹಬೀಬುಲ್ಲಾ ಸಾಬರು ಬಂಡೆಗೊರಗಿ ಕೂತಿದ್ದರು. ತೊಡೆಯ ಮೇಲೆ ಬಾವನ ತಲೆ. ಒದ್ದೆ ತುಪ್ಪಟದ ರಾಶಿಯೊಳಗಿಂದ ಮುಖ ಮಾತ್ರ ಕಾಣುತ್ತಿತ್ತು. ಸಾಬರು ಎದ್ದೇಳಲಿಲ್ಲ.

"ಆಗ್ಲೇ ಹೋದ್ರು," ಎಂದರು. "ಬಾಯಾರ್ಕೆ ಅಂದ್ರು. ಬಂಡೆ ಮ್ಯಾಲಿನ್ ನೀರು ಬೊಗಸೇಲಿ ತಂದು ಬಿಟ್ಟೆ. ಎರಡು ಗುಟುಕು ಕುಡುದ್ರು. ಬೈರ ಎಲ್ಲಿ ಅಂತ ಕೇಳಿದ್ರು. ಬತ್ತಾವ್ನೆ ಅಂದೆ."

ಮುನಿಕೃಷ್ಣಪ್ಪನನ್ನು ಮೂಲಗುಡಿಯ ಊರಿನ ಕುರುಬರು ತಮ್ಮ ಹೊಲದಂಚಿನಲ್ಲಿ ಮಣ್ಣು ಮಾಡಿದರು. ದೇವರ ಕೆಲಸದಲ್ಲಿ ಸತ್ತವನು ಪುಣ್ಯವಂತ ಎಂದರು. ಹಬೀಬುಲ್ಲಾ ಬಸ್ಸಿನಲ್ಲಿ ಮುಂದಾಗಿ ಹೊರಟರು. ಹಟ್ಟಿಗೆ ಸುದ್ದಿ ಮುಟ್ಟಿಸಬೇಕಿತ್ತು. ಪೂಜೆ ಮುಗಿದ ಮೇಲೆ ಪೆಟ್ಟಿಗೆ ಮತ್ತೆ ಚಿಕ್ಕಬೈರಪ್ಪನ ಬೆನ್ನೇರಿತು. ಜೊತೆಗೆ ಸರದಿಗೆಂದು ಆ ಊರಿನಲ್ಲಿದ್ದ ಅದೇ ಮನೆತನದ ಇಬ್ಬರು ಬಂದರು. ಹೋಗುವಾಗ ಸುಟ್ಟ ಬಯಲಿನಲ್ಲಿ ಈಗ ಮಳೆಗೆ ಎಳೆಹುಲ್ಲು ಮೊಳೆತಿತ್ತು. ಅದನ್ನು ಕಂಡು ಅವನಿಗೆ ಸಿಟ್ಟು ಬಂತು. ನಂದಿಯ ಬಗಲಲ್ಲಿ ಮೋಡ ಕವಿದಾಗ ಮುಂದಿನಿಂದ ಕೆಮ್ಮು ಕೇಳಲಿಲ್ಲ. ಅವನು ನಿಂತಲ್ಲೇ ನಿಂತು ಬಹಳ ಹೊತ್ತು ಅತ್ತ. ಜೊತೆಯವರು ದೇವರಿಗೆ ದಾರಿ ಬಿಟ್ಟಂತೆ ದೂರ ನಿಂತಿದ್ದರು.

ಹಟ್ಟಿಯ ಬಾಗಿಲಲ್ಲಿ ಜನ ಸೇರಿದ್ದರು. ಕಾರ್ಖಾನೆಯ ಪಿಳ್ಳಪ್ಪನೂ ಹಿಂದೆ ತಲೆ ತಗ್ಗಿಸಿ ನಿಂತಿದ್ದ. ಡೊಳ್ಳು ಇರಲಿಲ್ಲ. ಬೈರಮ್ಮ ಈಗ ಸೂತಕದವಳು, ಮಡಿಲೊಡ್ಡುವಂತಿಲ್ಲ ಎಂದು ಪೂಜಾರಿ ಇನ್ನೊಬ್ಬ ಮನೆಮಗಳು ಮುನಿಗಂಗಮ್ಮನನ್ನು ಹೊಸ ಸೀರೆ ಉಡಿಸಿ ಮಣೆಯ ಮೇಲೆ ಕೂರಿಸಿದ್ದ. ಚಿಕ್ಕಬೈರಪ್ಪ ಅವಳತ್ತ ನಡೆಯುತ್ತಿದ್ದಂತೆ ಅಕ್ಕ ಗುಂಪು ಸೀಳಿಕೊಂಡು ಬಂದು ನಡುವೆ ನಿಂತಳು. ಕೈಯಲ್ಲಿ ಬಳೆಯಿಲ್ಲ, ಹಣೆ ಬೋಳು. ಹೊರಟಾಗ ನೋಡಿದ ಹೆಂಗಸಿಗಿಂತ ಎಷ್ಟೋ ಮುದುಕಿಯಾಗಿದ್ದಳು.

"ದೂರ ನಿಂತ್ಕಳವ್ವ, ದೇವ್ರು ಬಂದೈತೆ," ಎಂದ ಮುನಿನಂಜಪ್ಪ.

ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ. "ನಿಮ್ ಬಾವನ ಬಾಯಿಗೆ ನೀರು ಬಿಟ್ಟಿದ್ದು ಯಾರು?" ಎಂದು ತಮ್ಮನನ್ನು ಕೇಳಿದಳು. ಹಬೀಬುಲ್ಲಾ ಎಲ್ಲವನ್ನೂ ಹೇಳಿದ್ದರೆಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಆದರೂ ಅವನ ಬಾಯಿಂದಲೇ ಬರಬೇಕಿತ್ತು.

"ಸಾಬ್ರು, ಅಕ್ಕ."

"ನೀನೆಲ್ಲಿದ್ದೆ?"

"ದೇವ್ರುನ್ನ ಒತ್ಕಂಡಿದ್ದೆ."

"ಸಾಬ್ರು ಕೈ ನೀಡುದ್ರಂತೆ. ತುಪ್ಪಟದ್ ಮ್ಯಾಲಿಡು ಅಂದ್ರಂತೆ."

ಅವನು ತಲೆಯಾಡಿಸಿದ. ಸಾಬರಿಗೂ ಗೊತ್ತಿರದ ಒಂದು ಸಂಗತಿ ಉಳಿದಿತ್ತು. ಅದನ್ನೂ ಅಂದುಬಿಟ್ಟ. "ಅದ್ಕೂ ಮುಂಚೆ ನಾನೇ ಒತ್ಕಂಡು ಗುಡ್ಡ ಅತ್ತಿದ್ದೆ ಅಕ್ಕ. ಕಾಲ್ ಜಾರ್ತು. ಪೆಟ್ಟಿಗೆ ಇಡ್ಕಳಕ್ಕೋಗಿ ಬಾವನ್ನ ಬಿಟ್ಬಿಟ್ಟೆ."

ಯಾರೋ ಉಸಿರೆಳೆದುಕೊಂಡರು. ಮುನಿಗಂಗಮ್ಮ ಮಡಿಲೊಡ್ಡಿಕೊಂಡೇ ಇದ್ದಳು.

"ಇಳ್ಸು," ಎಂದಳು ಬೈರಮ್ಮ.

ಅವನು ಮುನಿಗಂಗಮ್ಮನ ಕಡೆ ಹೆಜ್ಜೆಯಿಟ್ಟ.

"ಅಲ್ಲಲ್ಲ. ಇಲ್ಲಿ. ನೆಲದ್ ಮ್ಯಾಲಿಡು."

ಗದ್ದಲವೆದ್ದಿತು. ಮುನಿನಂಜಪ್ಪ ಅಯ್ಯೋ ಎಂದು ಎದೆ ಬಡಿದುಕೊಂಡ. ಇವಳಿಗೆ ತಲೆ ಕೆಟ್ಟಿದೆ, ಎಳೆದುಕೊಂಡು ಹೋಗಿ ಎಂದರು ಯಾರೋ. ಯಾರೂ ಮುಂದೆ ಬರಲಿಲ್ಲ. ಚಿಕ್ಕಬೈರಪ್ಪ ಅಕ್ಕನನ್ನು ನೋಡಿದ. ತನಗೆ ತುತ್ತಿಟ್ಟ ಕೈ, ತನ್ನ ರಟ್ಟೆ ಹಿಡಿದು ಕೇಳಿಕೊಂಡ ಕೈ. ಆ ಹೆಂಗಸಿಗೆ ಕೊಡಲು ಇಡೀ ಲೋಕದಲ್ಲಿ ಅವನ ಬಳಿ ಬೇರೇನೂ ಉಳಿದಿರಲಿಲ್ಲ. ಅವನು ಮೊಣಕಾಲೂರಿದ. ಹುರಿಯನ್ನು ಒಂದು ಹೆಗಲಿಂದ ಕಳಚಿದ, ಇನ್ನೊಂದು ಹೆಗಲಿಂದ ಕಳಚಿದ. ಬೀರಪ್ಪನ ಪೆಟ್ಟಿಗೆಯನ್ನು ಹಟ್ಟಿಯ ಬಾಗಿಲ ಧೂಳಿನಲ್ಲಿ ಇಟ್ಟ.

ಜನ ಹಿಂದಕ್ಕೆ ಸರಿದರು. ಕೆಲವರು ಕಣ್ಣು ಮುಚ್ಚಿಕೊಂಡರು, ಹೆಂಗಸರು ಕೂಸುಗಳನ್ನು ಸೆರಗಿನೊಳಗೆ ಎಳೆದುಕೊಂಡರು. ಎಲ್ಲರೂ ಕಾದರು. ರೊಪ್ಪದಲ್ಲಿ ಒಂದು ಕುರಿ ಕೂಗಿತು, ಮರಿ ಮಾರುತ್ತರ ಕೊಟ್ಟಿತು. ಯಾರದೋ ಕೋಳಿ ಬಂದು ಪೆಟ್ಟಿಗೆಯ ಪಕ್ಕದ ಮಣ್ಣು ಕೆದಕಿ, ಏನೋ ಸಿಕ್ಕಿ ನುಂಗಿ, ಮುಂದೆ ಹೋಯಿತು. ಬಿಸಿಲು ಹಾಗೇ ಇತ್ತು, ನೆಲವೂ ಹಾಗೇ ಇತ್ತು.

"ಇಷ್ಟೇ ಕಣೋ ಬೈರ," ಎಂದಳು ಬೈರಮ್ಮ, ದನಿ ಏರಿಸದೆ. "ಇಷ್ಟೇ ಮಾಡ್ಬೇಕಾಗಿದ್ದಿದ್ದು." ಅವಳು ಅಲ್ಲೇ ಧೂಳಿನಲ್ಲಿ ಕುಸಿದು, ಗಂಡ ಸತ್ತ ಸುದ್ದಿ ಕೇಳಿದಂದಿನಿಂದ ಅಳದೇ ಉಳಿದದ್ದನ್ನೆಲ್ಲ ಅಳತೊಡಗಿದಳು.

ಚಿಕ್ಕಬೈರಪ್ಪ ಮೊಣಕಾಲೂರಿಕೊಂಡೇ ಇದ್ದ. ಬೆನ್ನು ಹಗುರಾಗಿತ್ತು. ಅವನು ಪೆಟ್ಟಿಗೆಯನ್ನು ನೋಡುತ್ತಿದ್ದ. ಅದು ನಿಂತ ಜಾಗ ಒಂದು ಮೊರದಗಲವೂ ಇರಲಿಲ್ಲ. ಗುಡ್ಡದ ಬುಡದಲ್ಲಿ, ಬಾವ ಬಿದ್ದಿದ್ದ ಬಂಡೆಯ ಮಗ್ಗುಲಲ್ಲಿ, ಅಷ್ಟು ಜಾಗ ಬೇಕಾದಷ್ಟಿತ್ತು.